ಕೊನೆಯ ಒಂದು ಮೊಳ

"ಎಂಟನೇ ಕ್ಲಾಸನ್ನೇ ಪೂರ್ತಿ ಮಾಡ್ದೆ ಎದ್ದು ಬಂದೋನು ಕೌದಿ ಪೂರ್ತಿ ಮಾಡ್ತಾನಾ? ಇವನು ಅರ್ಧಕ್ಕೆ ಬಿಡೋದ್ರಲ್ಲಿ ಮಾತ್ರ ಪೂರ್ತಿ ಪಂಡಿತ."

ಟೀಚರಮ್ಮ ಇದನ್ನು ಕೂಗಿ ಹೇಳಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು. ಕನ್ನಡಕ ಒರೆಸಿಕೊಳ್ಳುತ್ತ, ಹಾಜರಿ ಪುಸ್ತಕದಲ್ಲಿ 'ಗೈರು' ಎಂದು ಬರೆಯುವವರ ತಣ್ಣನೆಯ ದನಿಯಲ್ಲಿ ಹೇಳಿದರು. ಅದೂ ಯಾರೆದುರಿಗೆ? ವಾರವಾರ ಮುಖ ನೋಡುವ ಉಳಿದ ಮೂವರೆದುರಿಗಷ್ಟೇ ಆಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದ. ಬಾಗಿಲಲ್ಲಿ ಔಷಧಿ ಅಂಗಡಿಯವರ ಸೊಸೆ ನಿಂತಿದ್ದಳು. ಕೈಚೀಲವನ್ನು ಎದೆಗೆ ಅವುಚಿಕೊಂಡು, ತಾನು ಕೂರಲಿರುವ ಕುರ್ಚಿಯನ್ನು ನೋಡಿಹೋಗಲು ಬಂದವಳು. ಆ ಕುರ್ಚಿಯಲ್ಲಿ ಇನ್ನೂ ಅವನು ಕೂತಿದ್ದ. ಅವಳು ಕಿಸಕ್ಕೆಂದು ನಕ್ಕು, ತಪ್ಪಾಯಿತೆಂಬಂತೆ ಬಾಯಿ ಮುಚ್ಚಿಕೊಂಡಳು.

ಅವನ ಕಿವಿ ಕಾದ ಇಸ್ತ್ರಿಪೆಟ್ಟಿಯಾಯಿತು. ನೀರು ಚಿಮುಕಿಸಿದ್ದರೆ ಚುಂಯ್ ಎನ್ನುತ್ತಿತ್ತು.

ಕಾಗದ-ಪೆನ್ನು ಮಾರುವ ಅಂಗಡಿಯ ಮಹಡಿಯ ಮೇಲಿನ ಕೋಣೆ ಅದು. ಫ್ಯಾನಿಗೆ ಮೂರನೇ ಸ್ಪೀಡ್ ಇಲ್ಲ, ಕಿಟಕಿಯ ಒಂದು ಗಾಜಿಗೆ ರಟ್ಟು ಬಡಿದಿದೆ. ನಟ್ಟನಡುವೆ ಕೌದಿ ಬಿಗಿಯುವ ಮರದ ಚೌಕಟ್ಟು. ಅದರ ಸುತ್ತ ಐದೇ ಕುರ್ಚಿ. ಆರನೆಯದು ಹಾಕಿದರೆ ಬಾಗಿಲು ತೆಗೆಯಲು ಬರುವುದಿಲ್ಲ. ಪ್ರತಿ ಶನಿವಾರ ಮೂರರಿಂದ ಐದು ಗಂಟೆಯವರೆಗೆ ಹೊಲಿಗೆ. ನಿಯಮ ಒಂದೇ: ವರ್ಷದ ಕೊನೆಯ ಶನಿವಾರ ಸಂಜೆ ಐದು ಹೊಡೆಯುವಾಗ ಗೋಡೆಯ ಹಗ್ಗದ ಮೇಲೆ ತನ್ನದೊಂದು ಮುಗಿದ ಕೌದಿ ಇಲ್ಲದವರು ಕುರ್ಚಿ ಬಿಡಬೇಕು. ಕಾದಿರುವವರು ಕೂರುತ್ತಾರೆ. ಆ ಕೊನೆಯ ಶನಿವಾರಕ್ಕೆ ಇನ್ನು ಒಂದೇ ವಾರವಿತ್ತು.

ಅವನು ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವನು. ವಯಸ್ಸು ಇಪ್ಪತ್ತೆರಡು. ಮೂರು ವರ್ಷದ ಹಿಂದೆ ಚಿಕ್ಕಮ್ಮ, "ಸುಮ್ನೆ ಗೋಡೆ ಗುದ್ದೋ ಬದ್ಲು ಸೂಜಿ ಹಿಡಿ ಬಾ" ಎಂದು ಎಳೆದುಕೊಂಡು ಬಂದಿದ್ದಳು. ಬಂದವನು ಏಳು ಕೌದಿ ಶುರು ಮಾಡಿದ್ದ. ಮುಗಿಸಿದ್ದು ಸೊನ್ನೆ. ಹೋದ ಎರಡು ವರ್ಷ 'ಹೊಸಬ, ಇರಲಿ' ಎಂದು ಬಿಟ್ಟಿದ್ದರು. ಈ ವರ್ಷ ಆ ಮಾತಿರಲಿಲ್ಲ.

ಅವನು ಸೋಮಾರಿಯಲ್ಲ. ಬಟ್ಟೆಯ ತುಂಡುಗಳನ್ನು ನೆಲದ ಮೇಲೆ ಹರಡಿ, ಇದರ ಪಕ್ಕಕ್ಕೆ ಅದು, ಅದರ ಪಕ್ಕಕ್ಕೆ ಇನ್ನೊಂದು ಎಂದು ಜೋಡಿಸುವಾಗ ಊಟದ ನೆನಪೂ ಬಾರದು. ಆದರೆ ಜೋಡಣೆ ಮುಗಿದು ಕೌದಿ ಹೇಗಿರುತ್ತದೆಂದು ಕಣ್ಣಿಗೆ ಕಂಡುಬಿಟ್ಟಿತೋ, ಅಲ್ಲಿಗೆ ತೀರಿತು. ಆಮೇಲಿನದೆಲ್ಲ ಬರೀ ಹೊಲಿಗೆ. ಸೂಜಿ ಒಳಗೆ, ಸೂಜಿ ಹೊರಗೆ, ಸಾವಿರ ಸಲ. ಆಗ ಇನ್ನೊಂದು ಹೊಸ ಬಟ್ಟೆ ಕಣ್ಣಿಗೆ ಬಿತ್ತೆಂದರೆ ಕೈ ತುರಿಸಿ ಕತ್ತರಿ ಎತ್ತುತ್ತಿತ್ತು. ಹಿಂದೆ ಬಸ್ಸು ಓಡಿಸುತ್ತಿದ್ದು, ಈಗ ಡಾಕ್ಟರು ಸ್ಟೇರಿಂಗ್ ಬಿಡಿಸಿದ ಮೇಲೆ ಸೂಜಿ ಹಿಡಿದಿರುವ ಡ್ರೈವರಣ್ಣ ಅವನಿಗೆ 'ಅರ್ಧಣ್ಣ' ಎಂದು ಹೆಸರಿಟ್ಟಿದ್ದ.

ಹುರಿದುಂಬಿಸಲು ಯಾರೂ ಏನೂ ಬಾಕಿ ಇಟ್ಟಿರಲಿಲ್ಲ. ಅದೇ ಅವನ ತಲೆಬೇನೆ.

"ದಿನಾ ಹದಿನೈದು ನಿಮಿಷ. ಮಾತ್ರೆ ತಗೊಂಡ ಹಾಗೆ, ಊಟ ಆದ್ಮೇಲೆ," ಎಂದು ಪಕ್ಕದ ಕುರ್ಚಿಯ ನರ್ಸಕ್ಕ.

"ಕೊನೇ ಸ್ಟಾಪ್ ನೋಡ್ಬೇಡ. ಮುಂದಿನ ಸ್ಟಾಪ್ ಮಾತ್ರ ನೋಡು. ಮೂವತ್ತು ವರ್ಷ ನಾನು ಹಂಗೇ ಓಡಿಸಿದ್ದು," ಎಂದು ಡ್ರೈವರಣ್ಣ.

"ನನ್ನ ಮಾನ ಉಳಿಸೋ ಮಾರಾಯ," ಎಂದು ಚಿಕ್ಕಮ್ಮ.

ಟೀಚರಮ್ಮನದು ಬಾಯಿಮಾತಲ್ಲ, ಗೋಡೆಯ ಮೇಲಿನ ಪಟ್ಟಿ. ಹೆಸರಿನ ಮುಂದೆ, ಮುಗಿದ ಪ್ರತಿ ಕೌದಿಗೊಂದು ಚಿನ್ನದ ನಕ್ಷತ್ರ. ಉಳಿದವರ ಸಾಲು ದೀಪಾಲಂಕಾರದ ಹಾಗೆ ಮಿನುಗುತ್ತಿತ್ತು. ಅವನದು ಕರೆಂಟು ಹೋದ ಬೀದಿ. ಆ ಪಟ್ಟಿ ಕಂಡಾಗಲೆಲ್ಲ ಅವನಿಗೆ ಎಂಟನೇ ಕ್ಲಾಸಿನ ಗೋಡೆ ನೆನಪಾಗುತ್ತಿತ್ತು. ಎಡಗೈಯಲ್ಲಿ ಬರೆದದ್ದಕ್ಕೆ ಅಲ್ಲಿನ ಮೇಷ್ಟ್ರು ಗೆಣ್ಣಿಗೆ ಬಾರಿಸಿ "ಸರಿಯಾದ ಕೈಯಲ್ಲಿ ಬರಿ" ಎಂದ ದಿನ, ಪರೀಕ್ಷೆಯ ನಡುವೆಯೇ ಎದ್ದು ಬಂದಿದ್ದ. ಇಲ್ಲಿ ಎಡಗೈಯಲ್ಲೇ ಹೊಲಿಯುತ್ತಿದ್ದ, ಬೇಡವೆಂದವರಿಲ್ಲ. ಅದಕ್ಕೇ ಈ ಕುರ್ಚಿ ಅವನಿಗೆ ಬೇಕಿತ್ತು. ಇಷ್ಟು ಬೇಕೆಂದು ಅವನಿಗೇ ಗೊತ್ತಾದದ್ದು, ಅದನ್ನು ನೋಡಿಹೋಗಲು ಇನ್ನೊಬ್ಬಳು ಬಂದು ನಿಂತಾಗ.

ಆ ಶನಿವಾರ ಅವನು ನೇರ ಮನೆಗೆ ಬಂದ. ಆರು ಕೌದಿಗಳನ್ನು ಟ್ರಂಕಿಗೆ ತುರುಕಿ, ಬೀಗ ಜಡಿದು, ಕೀಲಿಯನ್ನು ಚಿಕ್ಕಮ್ಮನ ಕೈಗೆ ಹಾಕಿದ. "ನಾನು ಕೇಳಿದ್ರೂ ಕೊಡ್ಬೇಡ. ಅತ್ತರೂ ಕೊಡ್ಬೇಡ."

"ಅಳ್ತೀಯಾ?"

"ಅಳಲ್ಲ. ಒಂದು ಮಾತಿಗೆ ಹೇಳಿದೆ."

ಹೊರಗುಳಿದದ್ದು ಏಳನೆಯದು. ಲಾಂಡ್ರಿಗೆ ಕೊಟ್ಟು ಯಾರೂ ವಾಪಸು ಒಯ್ಯದ ಅಂಗಿಗಳ ಕೌದಿ. ಅಂಥ ಅಂಗಿಗಳಿಗೆ ಅಲ್ಲೊಂದು ಕಪಾಟೇ ಇತ್ತು. ವರ್ಷ ದಾಟಿದರೆ ಮಾಲೀಕರು ನೆಲ ಒರೆಸಲು ಕೊಡುತ್ತಿದ್ದರು. ಅವನು ಅವನ್ನು ಎತ್ತಿಟ್ಟುಕೊಂಡು ಚೌಕ ಚೌಕವಾಗಿ ಕತ್ತರಿಸಿದ್ದ. ಕಾಲರಿನ ಒಳಗೆ ಲಾಂಡ್ರಿಯ ಶಾಯಿಯಲ್ಲಿ ಬರೆದ ನಂಬರುಗಳನ್ನೂ ಬಿಡದೆ ಅಲ್ಲಲ್ಲಿ ಕೂರಿಸಿದ್ದ. ನಾಲ್ಕುನೂರ ಹನ್ನೆರಡು ಯಾರದೋ, ತೊಂಬತ್ತೇಳು ಯಾರದೋ. ಒಳಹೊಲಿಗೆ ಹೇಗೋ ಮುಗಿದಿತ್ತು. ಬಾಕಿ ಇದ್ದದ್ದು ಸುತ್ತಲಿನ ಅಂಚುಪಟ್ಟಿ: ಬಟ್ಟೆಯ ಪಟ್ಟಿಯನ್ನು ಮಡಚಿ, ದಾರ ಕಾಣದ ಹಾಗೆ ಸಣ್ಣ ಸಣ್ಣ ಓರೆ ಹೊಲಿಗೆಯಲ್ಲಿ ಕೂಡಿಸುವ ಕೆಲಸ. ಹದಿನಾರು ಮೊಳ. ಕೌದಿ ಹೊಲಿಯುವವರಲ್ಲಿ ಅರ್ಧ ಜನ ಸೋಲುವುದೇ ಇಲ್ಲಿ. ಕೌದಿ ಮುಗಿಯಿತು ಎಂದು ಮನಸ್ಸು ಹೇಳಿಬಿಟ್ಟಿರುತ್ತದೆ, ಕೈಗೆ ಮಾತ್ರ ಮುಗಿದಿರುವುದಿಲ್ಲ.

ದಿನವೂ ಬೆಳಿಗ್ಗೆ ಏಳಕ್ಕೇ ಲಾಂಡ್ರಿಗೆ ಹೋಗಿ, ಇಸ್ತ್ರಿಪೆಟ್ಟಿಗೆಗಳು ಕಾಯುವವರೆಗೆ ಹೊಲಿದ. ಮಧ್ಯಾಹ್ನ ಬುತ್ತಿಯನ್ನು ಒಂದು ಕೈಯಲ್ಲಿ ಉಂಡು ಹೊಲಿದ. ದಾರ ಗಂಟಾಯಿತು, ಬೈದ. ಸೂಜಿ ಮುರಿಯಿತು, ಅದರ ಮನೆತನವನ್ನೆಲ್ಲ ಬೈದ. ಬುಧವಾರ ಎರಡು ಮೊಳ ಒಂದೇ ಓಟಕ್ಕೆ ಮುಗಿಸಿ, ಪರವಾಗಿಲ್ಲ ಕಣೋ ಎಂದು ತನಗೆ ತಾನೇ ಹೇಳಿಕೊಂಡು ಎದ್ದರೆ ಕೌದಿಯೂ ಜೊತೆಗೇ ಎದ್ದಿತು. ಅಂಚಿನ ಜೊತೆಗೆ ತನ್ನ ಏಪ್ರನ್ನಿನ ಜೇಬನ್ನೂ ಸೇರಿಸಿ ಹೊಲಿದಿದ್ದ! ಪಕ್ಕದ ಮೇಜಿನ ಒಗೆಯುವವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮದುವೆ ಆಯ್ತಲ್ಲೋ, ಇನ್ನು ಬಿಡಿಸಿಕೊಳ್ಳೋ ಹಾಗಿಲ್ಲ!" ಅವನಿಗೆ ಕೌದಿಯನ್ನೂ ಏಪ್ರನ್ನನ್ನೂ ನಕ್ಕವನನ್ನೂ ಒಟ್ಟಿಗೆ ಬಾಯ್ಲರಿಗೆ ತುರುಕುವಷ್ಟು ರೋಷ ಬಂತು. ಬೇರೆ ದಿನವಾಗಿದ್ದರೆ ಅಲ್ಲಿಗೆ ಎಂಟನೆಯದು ಶುರುವಾಗುತ್ತಿತ್ತು. ಹಲ್ಲು ಕಚ್ಚಿ ಕೂತ, ಕೊಕ್ಕೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದ, ಮತ್ತೆ ಹೊಲಿದ.

ಶುಕ್ರವಾರ ಸಂಜೆಗೆ ಉಳಿದದ್ದು ಒಂದು ಮೊಳ. ಎರಡು ಗೇಣು. ಗೇಣಿಗೆ ಹತ್ತು ನಿಮಿಷದಂತೆ ಇಪ್ಪತ್ತು ನಿಮಿಷದ ಕೆಲಸ.

ಅಲ್ಲೇ ಮುಗಿಸಬಹುದಿತ್ತು. ಬುದ್ಧಿಯಿದ್ದವರು ಮುಗಿಸುತ್ತಿದ್ದರು. ಆದರೆ ಅವನ ತಲೆಯಲ್ಲಿ ಚಿತ್ರವೊಂದು ಕೂತಿತ್ತು: ಶನಿವಾರ, ತನ್ನ ಕುರ್ಚಿ, ಸುತ್ತ ಎಲ್ಲರೂ, ಎದುರಿಗೆ ಟೀಚರಮ್ಮ. ಅವರ ಕನ್ನಡಕದ ಮುಂದೆಯೇ ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಏಳಬೇಕು. ಮಾತಾಡಬಾರದು. ಆ ಕಡಿದ ಸದ್ದೇ ಉತ್ತರ. ಕೌದಿಯನ್ನು ಒಯ್ದು ಮಹಡಿಯ ಚೌಕಟ್ಟಿನ ಮೇಲೆ ಹರಡಿ, ಸೂಜಿಯನ್ನು ಅಂಚಿನಲ್ಲೇ ಚುಚ್ಚಿಟ್ಟು ಬಂದ. ವಾರದಲ್ಲಿ ಮೊದಲ ಬಾರಿಗೆ ಶಿಳ್ಳೆ ಹಾಕಿದ.

ಶನಿವಾರ ಎರಡೂವರೆಗೆ ಅವನು ಏಪ್ರನ್ ಬಿಚ್ಚುತ್ತಿರುವಾಗ ಹೋಟೆಲಿನ ವ್ಯಾನು ಬಂದು ನಿಂತಿತು. ನಲವತ್ತು ಹಾಸಿಗೆ ಹೊದಿಕೆ, ಐದು ಗಂಟೆಗೆ ಬೇಕಂತೆ.

"ನಾನು ಹೇಳಿದ್ದೆ ಸಾರ್, ಇವತ್ತು ಮೂರಕ್ಕೆ ಹೋಗ್ಬೇಕು ಅಂತ."

"ಹೋಗು. ನಾಳೆಯಿಂದ ಬರ್ಬೇಡ," ಎಂದರು ಮಾಲೀಕರು, ಪತ್ರಿಕೆಯಿಂದ ತಲೆಯೆತ್ತದೆ.

ಅವನು ಇಸ್ತ್ರಿ ಹಾಕಿದ. ಜನ್ಮದಲ್ಲಿ ಹಾಗೆ ಹಾಕಿರಲಿಲ್ಲ. ಆವಿ ಮುಖಕ್ಕೆ ಹೊಡೆಯಿತು, ಬೆವರು ಹೊದಿಕೆಯ ಮೇಲೆ ತೊಟ್ಟಿಕ್ಕಿತು, ಅದರ ಮೇಲೂ ಪೆಟ್ಟಿಗೆ ಓಡಿಸಿದ. ಮೂರಾಯಿತು, ಮೂರೂವರೆಯಾಯಿತು, ನಾಲ್ಕಾಯಿತು. ನಲವತ್ತನೆಯದನ್ನು ಮಡಚಿದಾಗ ಗಡಿಯಾರ ನಾಲ್ಕೂ ಮೂವತ್ತೈದು ತೋರಿಸುತ್ತಿತ್ತು. ಚಪ್ಪಲಿಯ ಬಾರು ಹಾಕದೆಯೇ ಓಡಿದ. ಎರಡು ಬೀದಿ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಕೋಣೆಯೊಳಗೆ ಕಾಲಿಟ್ಟಾಗ ನಾಲ್ಕೂ ನಲವತ್ತು. ಇಪ್ಪತ್ತು ನಿಮಿಷ; ಸರಿಯಾಗಿ ಎರಡು ಗೇಣು.

ಚೌಕಟ್ಟು ಖಾಲಿ ಇತ್ತು.

ಚಪ್ಪಾಳೆ ಕೇಳಿಸಿತು. ತಲೆಯೆತ್ತಿದರೆ ಅವನ ಕೌದಿ ಗೋಡೆಯ ಹಗ್ಗದ ಮೇಲೆ ನಾಲ್ಕು ಕ್ಲಿಪ್ಪು ಕಚ್ಚಿಕೊಂಡು ನೇತಾಡುತ್ತಿತ್ತು. ಎಲ್ಲರೂ ಎದ್ದು ನಿಂತಿದ್ದರು. ಬಾಗಿಲ ಬಳಿ ಔಷಧಿ ಅಂಗಡಿಯವರ ಸೊಸೆಯೂ, ಮುಂದಿನ ವರ್ಷಕ್ಕೆ ಕಾಯಬೇಕಾಗಿ ಬಂದವಳು, ಚಪ್ಪಾಳೆ ತಟ್ಟುತ್ತಿದ್ದಳು.

"ಅರ್ಧಣ್ಣ ಸತ್ತ! ಪೂರ್ತಿಯಣ್ಣ ಹುಟ್ಟಿದ!" ಎಂದು ಡ್ರೈವರಣ್ಣ ಕೂಗಿದ.

ಅವನು ಮೇಲುಸಿರು ಬಿಡುತ್ತಲೇ ಹೋಗಿ ಅಂಚನ್ನು ಕೈಯಲ್ಲಿ ಹಿಡಿದು ನೋಡಿದ. ಎಡಗೈಯವನ ಓರೆ ಹೊಲಿಗೆ ಒಂದು ಕಡೆಗೆ ವಾಲುತ್ತದೆ, ಬಲಗೈಯವರದು ಅದಕ್ಕೆ ಎದುರು. ಹದಿನೈದು ಮೊಳ ಅವನ ಹೊಲಿಗೆ, ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಎಡಕ್ಕೆ ವಾಲಿಕೊಂಡು ಸುತ್ತಿ ಬಂದಿತ್ತು. ಕೊನೆಯ ಒಂದು ಮೊಳ ಬಲಕ್ಕೆ ವಾಲಿತ್ತು. ಮೊದಲ ಗೇಣು ಆಸ್ಪತ್ರೆಯ ಹೊಲಿಗೆಯಷ್ಟು ಬಿಗಿ. ಎರಡನೇ ಗೇಣು ಕಾಪಿ ಪುಸ್ತಕದ ಅಕ್ಷರದಷ್ಟು ದುಂಡು.

"ಯಾರು ಹೊಲಿದಿದ್ದು?"

"ಎಲ್ರೂ ಕಣೋ!" ಚಿಕ್ಕಮ್ಮನ ಮುಖ ಅರಳಿತ್ತು. "ಒಂದು ಗೇಣು ನರ್ಸಕ್ಕ, ಒಂದು ಗೇಣು ಸ್ವತಃ ಟೀಚರಮ್ಮ. ನಾನು ದಾರ ಪೋಣಿಸಿಕೊಟ್ಟೆ."

"ನಾನು ಟೈಮ್ ನೋಡ್ಕೊಂಡೆ," ಎಂದ ಡ್ರೈವರಣ್ಣ. "ಅದೂ ಕೆಲ್ಸಾನೇ."

"ಇನ್ನೂ ಇಪ್ಪತ್ತು ನಿಮಿಷ ಇದೆ," ಎಂದ ಅವನು. "ಇಪ್ಪತ್ತು ನಿಮಿಷ ಇದೆಯಲ್ಲ."

"ನಾಲ್ಕು ಗಂಟೆ ಆದ್ರೂ ನಿನ್ನ ಪತ್ತೆ ಇಲ್ಲ. ನೀನು ಬರ್ತೀಯ ಅಂತ ನಮಗೇನು ಕನಸು ಬಿದ್ದಿತ್ತಾ?" ಎಂದಳು ನರ್ಸಕ್ಕ, ನಗುತ್ತಲೇ. ಕೆಟ್ಟದ್ದೇನೂ ಇರಲಿಲ್ಲ ಆ ನಗುವಿನಲ್ಲಿ. ಇದ್ದಿದ್ದರೆ ಜಗಳ ಆಡಬಹುದಿತ್ತು.

ಟೀಚರಮ್ಮ ಗೋಡೆಯ ಪಟ್ಟಿಯ ಬಳಿ ನಿಂತಿದ್ದರು. ಅವನ ಸಾಲಿನ ಕತ್ತಲಿನಲ್ಲಿ ಚಿನ್ನದ ನಕ್ಷತ್ರವೊಂದನ್ನು ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದರು. ಆಮೇಲೆ ತಿರುಗಿ, "ಹೋದ ವಾರ ಒಂದು ಮಾತು ಹೆಚ್ಚಾಡಿದೆ," ಎಂದರು. "ಮನಸ್ಸಿನಲ್ಲಿ ಇಟ್ಕೋಬೇಡ. ಅದಕ್ಕೇ ಕೊನೇ ಗೇಣು ನಾನೇ ಕೂತು ಹಾಕಿದ್ದು. ಎಡಗೈ ಹೊಲಿಗೆಗೆ ನನ್ನದು ಹೊಂದಲಿಲ್ಲ, ಆದ್ರೆ ಯಾರು ಹತ್ತಿರ ಹೋಗಿ ನೋಡ್ತಾರೆ? ಕುರ್ಚಿ ನಿನ್ನದೇ. ಕೂತ್ಕೋ."

ಕುರ್ಚಿ ಅಲ್ಲೇ ಇತ್ತು. ಯಾರೋ ಅದರ ಮೇಲೆ ಹೊಸ ದಿಂಬು ಬೇರೆ ಇಟ್ಟಿದ್ದರು. ಅವನು ಅದನ್ನು ನೋಡಿದ. ಕೂತರೆ ಮುಗಿಯಿತು. ಮುಂದಿನ ಶನಿವಾರ, ಅದರ ಮುಂದಿನ ಶನಿವಾರ, ಎಡಗೈಯಲ್ಲಿ ಹೊಲಿಯುತ್ತ ಇಲ್ಲೇ ಇರಬಹುದು. ಗೋಡೆಯ ಮೇಲೆ ಬಲಕ್ಕೆ ವಾಲಿದ ಒಂದು ಮೊಳವೂ ಇರುತ್ತದೆ, ಅಷ್ಟೇ.

ಅವನು ಮೊದಲನೇ ಕ್ಲಿಪ್ಪು ತೆಗೆದ. ಎರಡನೆಯದು.

"ಏಯ್, ಇಳಿಸ್ಬೇಡ್ವೋ!" ಡ್ರೈವರಣ್ಣ ಮುಂದೆ ಬಂದ. "ಐದು ಹೊಡೆಯೋ ತನಕ ಮೇಲಿರ್ಬೇಕು. ಸ್ಟಾಪ್ ಬರೋಕೆ ಮುಂಚೆ ಇಳೀತಾರೇನೋ?"

ಮೂರನೆಯದು. ನಾಲ್ಕನೆಯದು. ಕೌದಿ ಅವನ ತೋಳಿನ ಮೇಲೆ ಬಿತ್ತು. ಅದನ್ನು ಚೌಕಟ್ಟಿನ ಮೇಲಿಟ್ಟು ಮೂಲೆಗೆ ಮೂಲೆ ಕೂಡಿಸಿ, ಎರಡು ಮಡಿಕೆ, ನಾಲ್ಕು ಮಡಿಕೆ, ಅಂಗೈಯಿಂದ ಒಂದು ಸಲ ಸವರಿ, ಗಿರಾಕಿಗೆ ಕೊಡುವ ಬಟ್ಟೆಯಷ್ಟು ಅಚ್ಚುಕಟ್ಟಾಗಿ ಮಡಚಿದ. ಚೌಕಟ್ಟಿನ ಅಂಚಿಗೆ ಯಾರೋ ಚುಚ್ಚಿಟ್ಟಿದ್ದ ತನ್ನ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡ. ಪಕ್ಕದಲ್ಲೇ ಬಿದ್ದಿದ್ದ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಜೇಬಿಗೆ ಹಾಕಿಕೊಂಡ.

ಅದನ್ನು ಕಂಡ ಚಿಕ್ಕಮ್ಮನ ಮುಖ ಇಳಿದುಹೋಯಿತು. "ಬೇಡ್ವೋ. ನಮ್ಮ ಕೈಯಿ ಅಷ್ಟು ಕೆಟ್ಟದ್ದೇನೋ? ಐದಕ್ಕೆ ಮುಗಿಯಲ್ಲ ಕಣೋ ಅದು, ಬಿಚ್ಚಿ ಮತ್ತೆ ಹೊಲಿಯೋಕೆ."

ಮುಗಿಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

"ಏನಯ್ಯಾ?" ಟೀಚರಮ್ಮನ ಬೆರಳು ಇನ್ನೂ ನಕ್ಷತ್ರದ ಹತ್ತಿರವೇ ಇತ್ತು. "ಇದಕ್ಕೂ ಸಿಟ್ಟಾ? ನಿನಗೆ ಬೇಕಾಗಿದ್ದಾದ್ರೂ ಏನು, ಬಾಯಿ ಬಿಟ್ಟು ಹೇಳು."

ಅವನು ಕೌದಿಯನ್ನು ಹೆಗಲಿಗೆ ಹಾಕಿಕೊಂಡ. ಬಾಗಿಲ ದಾರಿಗೆ ಅಡ್ಡವಿದ್ದ ಔಷಧಿ ಅಂಗಡಿಯವರ ಸೊಸೆಗೆ ದಾರಿ ಬಿಡುವಂತೆ ಕೈ ತೋರಿಸಿದ. ಅವಳು ಗೋಡೆಗೆ ಅಂಟಿಕೊಂಡು ಸರಿದಳು. ಅವನು ಬಾರು ಹಾಕದ ಚಪ್ಪಲಿಯನ್ನು ಟಪಟಪ ಬಡಿಯುತ್ತ, ಈ ಸಲ ಒಂದೊಂದೇ ಮೆಟ್ಟಿಲು ಇಳಿದು, ಬೀದಿಗೆ ಬಿದ್ದು, ಹಿಂದಿರುಗಿ ನೋಡದೆ ನಡೆದ.