ಬಟ್ಟೆಯ ಕಲ್ಲು

"ಇನ್ನೂ ಮೇಲೆ. ಇನ್ನೂ."

ಬಿದಿರಿನ ತುದಿಯಲ್ಲಿ ಕಾಲು ಹೆಣೆದು ಕೂತಿದ್ದ ಪೆಂಡಾಲಿನವನು ಹಲ್ಲಿನಲ್ಲಿ ಕಚ್ಚಿದ್ದ ಹಗ್ಗವನ್ನು ಕೈಗೆ ತೆಗೆದುಕೊಂಡು ಕೆಳಗೆ ನೋಡಿದ. "ಇನ್ನೂ ಮೇಲೆ ಅಂದ್ರೆ ಆಕಾಶಾನೇ ಸಾರ್. ಅದಕ್ಕೆ ಬೇರೆ ಬಾಡಿಗೆ."

ಕರಿಯ ಬಟ್ಟೆ ಮಡಿಕೆ ಬಿಚ್ಚುತ್ತ ಇಳಿಯಿತು. ರೈಲು ನಿಲ್ದಾಣದ ಮುಂದಿನ ಚೌಕದಲ್ಲಿ, ನಿನ್ನೆಯವರೆಗೆ ಏನೂ ಇಲ್ಲದ ಕಡೆ, ಒಂದು ಕೋಣೆಯಷ್ಟು ಅಗಲ, ಮೂರಂತಸ್ತಿನಷ್ಟು ಎತ್ತರದ ಕರಿಯ ದಿಮ್ಮಿಯೊಂದು ನಿಂತುಬಿಟ್ಟಿತು. ಕೆಳಗೆ ನಿಂತು ಕೂಗುತ್ತಿದ್ದ ವಾಸ್ತುಶಿಲ್ಪಿ ನಾಲ್ಕು ಹೆಜ್ಜೆ ಹಿಂದೆ ಸರಿದ. ನಕ್ಷೆಯಲ್ಲಿ ಅದು ಬೆರಳಿನಷ್ಟಿತ್ತು. ಅದನ್ನು ಬರೆದ ಕೈ ತನ್ನದೇ ಎಂಬುದು ಆ ಕ್ಷಣ ನಂಬುವಂತಿರಲಿಲ್ಲ.

"ನಾನು ಇಷ್ಟು ವರ್ಷ ಕಟ್ಟಿದ್ರಲ್ಲಿ ಒಳಗೆ ಊಟ ಇಲ್ಲದ ಪೆಂಡಾಲು ಇದೊಂದೇ," ಎಂದ ಮೇಲಿದ್ದವನು.

ಮೂರು ವರ್ಷದ ಹಿಂದೆ ಒಂದು ಸಂಜೆ ಹಳಿ ದಾಟುವ ಮೇಲ್ಸೇತುವೆ ಇಲ್ಲಿ ಜನರ ಸಮೇತ ಕುಸಿದಿತ್ತು. ಸತ್ತವರಲ್ಲಿ ಅವನ ಅಕ್ಕನ ಗಂಡನೂ ಒಬ್ಬ. ಊರು ಸ್ಮಾರಕ ಕಟ್ಟಬೇಕೆಂದಾಗ ಸಮಿತಿಯವರು ನೇರ ಅವನ ಕಚೇರಿಗೆ ಬಂದಿದ್ದರು. "ನೀವು ವಾಸ್ತುಶಿಲ್ಪಿ. ಮೇಲಾಗಿ ಸ್ವಂತ ಭಾವನನ್ನೇ ಕಳಕೊಂಡವರು. ನಿಮ್ಮಷ್ಟು ತಕ್ಕವರು ಇನ್ಯಾರು?" ಅವನು ತಲೆ ತಗ್ಗಿಸಿದ್ದ. ಅವರು ಅದನ್ನು ದುಃಖವೆಂದುಕೊಂಡರು.

ಅವನು ಅತ್ತಿರಲಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ಅವನ ತೋಳು ಹಿಡಿದು ಜೋತುಬಿದ್ದಿದ್ದಾಗ, ನೆಲದ ಹಾಸುಗಲ್ಲುಗಳ ಸಾಲು ಗೋಡೆಗೆ ಸರಿಯಾಗಿ ಕೂಡಿಲ್ಲವೆಂಬುದನ್ನು ಅವನು ಗಮನಿಸಿದ್ದ. ಅಂದಿನಿಂದ ಬರಬೇಕಾದದ್ದು ಬಂದಿರಲಿಲ್ಲ. ಸಾಕಷ್ಟು ದೊಡ್ಡದೊಂದರ ಮುಂದೆ ನಿಂತರೆ ಬಂದೀತು ಎಂಬ ಆಸೆಯಿಂದ ಗೆರೆ ಎಳೆದಿದ್ದ. ಸಮಿತಿಗೆ ಕೊಟ್ಟ ವಿವರಣೆಯಲ್ಲಿ ಈ ಮಾತು ಇರಲಿಲ್ಲ.

ಕಲ್ಲು ಕಡಿದ ಮೇಲೆ ತಿದ್ದಲಾಗದು, ಒಂದು ದಿನ ಬಟ್ಟೆಯಲ್ಲಿ ಕಟ್ಟಿ ನೋಡೋಣ ಎಂದವನೂ ಅವನೇ. ಇವತ್ತು ಆ ದಿನ. ಮಧ್ಯಾಹ್ನ ಅಕ್ಕ ಬರುತ್ತಾಳೆ. ಸತ್ತವರ ಮನೆಯವರೆಲ್ಲ ಸೇರಿ ತಮ್ಮ ಪರ ಮಾತಾಡಲು ಅವಳನ್ನು ಆರಿಸಿದ್ದಾರೆ. ಅವಳು ಒಪ್ಪಿದರೆ ನಾಳೆಯೇ ಕಲ್ಲಿನ ಕೆಲಸ ಶುರು. ಒಪ್ಪದಿದ್ದರೆ ಕೆಲಸ ಬೇರೆಯವರ ಪಾಲು.

ಸಮಿತಿ ಮೊದಲೇ ಬಂತು. ಅಧ್ಯಕ್ಷರು, ಒಬ್ಬ ಎಂಜಿನಿಯರು, ಚೌಕದ ಪಾತ್ರೆ ವ್ಯಾಪಾರಿ.

"ಬೆಂಚು?" ಎಂದರು ಅಧ್ಯಕ್ಷರು.

"ಬೇಡ. ಇಲ್ಲಿಗೆ ಕೂರೋಕೆ ಅಂತ ಯಾರೂ ಬರಲ್ಲ."

"ವಯಸ್ಸಾದವರು ಬರ್ತಾರಲ್ರೀ, ಮಂಡಿನೋವಿನವರು."

"ನಿಂತ್ಕೊಂಡೇ ನೋಡಬೇಕು ಸಾರ್."

"ಪಾರಿವಾಳ?" ಎಂದ ಎಂಜಿನಿಯರು. "ಇಷ್ಟು ಎತ್ತರ ಇದ್ರೆ ತೊಳೆಯೋರು ಯಾರು?"

"ನುಣ್ಣಗಿರುತ್ತೆ. ಕೂರೋಕಾಗಲ್ಲ."

"ನುಣ್ಣಗಿದ್ರೆ ಪ್ರೇಮಿಗಳು ಹೆಸರು ಕೆತ್ತುತಾರೆ," ಎಂದ ಪಾತ್ರೆ ವ್ಯಾಪಾರಿ. "ನನ್ನ ಅಂಗಡಿ ಷಟರನ್ನೇ ಬಿಟ್ಟಿಲ್ಲ. ಹೂವು ತಂದೋರು ಎಲ್ಲಿಡಬೇಕು?"

"ನೆಲದ ಮೇಲೆ."

"ಮಾರನೇ ದಿನ ಗುಡಿಸೋರು?"

ಮರಣದ ಬಗ್ಗೆ ಅವನು ಯೋಚಿಸಿದ್ದ. ಅದರ ಮಾರನೇ ದಿನದ ಬಗ್ಗೆ ಯೋಚಿಸಿರಲಿಲ್ಲ.

ಅಕ್ಕ ಔಷಧದಂಗಡಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದಳು. ಕೈಯಲ್ಲಿ ಊಟದ ಡಬ್ಬಿಯ ಚೀಲ. ಸಮಿತಿಯವರು ಸತ್ತವನೇ ಎದ್ದುಬಂದಂತೆ ದಾರಿ ಬಿಟ್ಟರು. ಅವಳು ದಿಮ್ಮಿಯ ಸುತ್ತ ಒಂದು ಸುತ್ತು ಬಂದು ಅವನ ಪಕ್ಕ ನಿಂತಳು.

"ಬಾಗಿಲಿಲ್ವೇನೋ ಇದಕ್ಕೆ?"

"ಇಲ್ಲ."

"ಒಳಗೇನಿರುತ್ತೆ?"

"ಏನಿಲ್ಲ ಅಕ್ಕ. ಪೂರ್ತಿ ಕಲ್ಲು."

"ಓಹೋ." ಅವಳು ಕತ್ತೆತ್ತಿ ನೋಡಿದಳು. ನೋಡುತ್ತಲೇ ಇದ್ದಳು. "ಭಯ ಆಗುತ್ತೆ ಕಣೋ."

ಅವನ ಎದೆ ಹಗುರವಾಯಿತು. "ಆಗಬೇಕು. ಅದಕ್ಕೇ ಇಷ್ಟು ಎತ್ತರ."

"ಅವರನ್ನ ನೋಡಿದ್ರೆ ಯಾರಿಗೂ ಭಯ ಆಗ್ತಿರಲಿಲ್ಲ," ಎಂದಳು ಅಕ್ಕ. "ನಿನ್ನ ಭಾವ ಕುಳ್ಳ ಅಲ್ವೇನೋ. ಬಲ್ಬು ಹಾಕೋಕೆ ಸ್ಟೂಲು, ಸ್ಟೂಲಿನ ಮೇಲೆ ಅಕ್ಕಿ ಡಬ್ಬ, ಅದರ ಮೇಲೆ ಅವರು. ಆಮೇಲೆ ಇಳಿಯೋಕೆ ಬರಲ್ಲ ಅಂತ ಅಲ್ಲಿಂದಲೇ ಕೂಗೋರು, ಲೇ, ದೀಪ ಹತ್ತಿತು, ನನ್ನ ಇಳಿಸೇ ಅಂತ..."

ಅವಳಿಗೆ ನಗು ಬಂತು. ತಡೆಯಲು ಹೋದಷ್ಟೂ ಬಂತು. ಸಮಿತಿಯವರು ಬೇರೆ ಬೇರೆ ದಿಕ್ಕು ನೋಡಿದರು. ಅವನೂ ನಗಬಹುದಿತ್ತು. ತುಟಿ ಆ ಆಕಾರಕ್ಕೆ ಬಂತು, ಅಷ್ಟೆ.

"ಇದು ಭಾವ ಒಬ್ಬರದ್ದಲ್ಲ ಅಕ್ಕ. ಎಲ್ಲರದ್ದು."

"ಎಲ್ಲರದ್ದು ಅಂದ್ಮೇಲೆ ಅವರದ್ದೂ ತಾನೇ?" ಅವಳು ಕಣ್ಣೊರೆಸಿಕೊಂಡಳು. "ಇದರಲ್ಲಿ ಅವರೆಲ್ಲಿದ್ದಾರೆ, ತೋರಿಸು ನೋಡೋಣ."

ಅವನು ಬಾಯಿ ತೆರೆಯುವಷ್ಟರಲ್ಲಿ ಗಾಳಿ ಬಂತು.

ರೈಲು ಆಗಷ್ಟೇ ಬಂದು ನಿಂತಿತ್ತು. ಜನ ನಿಲ್ದಾಣದ ಬಾಗಿಲಿನಿಂದ ಚೌಕಕ್ಕೆ ಹೊರಳುತ್ತಿದ್ದರು. ಗಾಳಿ ಹಳಿಗಳ ಕಡೆಯಿಂದ ಬಂದು ಬಟ್ಟೆಯ ಬುಡಕ್ಕೆ ನುಗ್ಗಿತು. ದಿಮ್ಮಿ ಮೆಲ್ಲಗೆ ಉಬ್ಬಿತು, ನಿಂತಿತು, ಒಳಗೆಳೆದುಕೊಂಡಿತು. ಮತ್ತೆ ಉಬ್ಬಿತು. ಮೂರಂತಸ್ತಿನ ಕರಿಯ ಎದೆಯೊಂದು ಊರ ನಡುವೆ ಉಸಿರಾಡುತ್ತಿತ್ತು. ಅದರೊಳಗಿಂದ ಒಂದು ದನಿ ಎದ್ದಿತು. ಅದು ಕಿವಿಗೆ ಕೇಳುವ ಮೊದಲು ಅಂಗಾಲಿಗೆ ತಾಗಿತು.

ಚೌಕ ನಿಂತುಹೋಯಿತು. ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಹೊರೆ ಹೊತ್ತವನು ಹೊರೆಯ ಸಮೇತ ನಿಂತ. ಬಾಡಿಗೆ ಗಾಡಿಗಳು ಒಂದೊಂದಾಗಿ ಸದ್ದಡಗಿದವು. ಅಪ್ಪನ ಹೆಗಲ ಮೇಲಿದ್ದ ಮಗುವೊಂದು ಬೆರಳು ಚಾಚಿತು. ಚಾಚಿದ ಬೆರಳು ಹಾಗೇ ಉಳಿಯಿತು. ಪಾತ್ರೆ ವ್ಯಾಪಾರಿ ಕೈಕಟ್ಟಿ ನಿಂತಿದ್ದ. ಅಕ್ಕ ಊಟದ ಚೀಲವನ್ನು ಕೂಸಿನಂತೆ ಎದೆಗವಚಿಕೊಂಡಿದ್ದಳು.

ಅವನ ಮೈಮೇಲೆ ಮುಳ್ಳೆದ್ದಿತು. ಇಂಥದ್ದನ್ನು ಅವನು ಕಂಡಿರಲಿಲ್ಲ, ಯೋಚಿಸಿರಲಿಲ್ಲ, ಬರೆದಿರಲಂತೂ ಇಲ್ಲ. ಇದು ತನ್ನದು. ಇದು ತನ್ನದಲ್ಲ. ಕಣ್ಣು ಮಂಜಾಗತೊಡಗಿತು. ಇನ್ನೊಂದೇ ಉಸಿರು, ಎಂದುಕೊಂಡ. ಇನ್ನೊಂದು ಸಾಕು.

ಅಷ್ಟರಲ್ಲಿ, ಕಲ್ಲು ಉಸಿರಾಡುವುದಿಲ್ಲ ಎಂಬುದು ನೆನಪಾಯಿತು. ಕಣ್ಣು ಮತ್ತೆ ಒಣಗಿತು.

"ಸಾರ್, ಇಳಿಸ್ತೀನಿ!" ಪೆಂಡಾಲಿನವನು ಕೂಗುತ್ತಿದ್ದ. "ಹಾರಿಹೋದ್ರೆ ಊರೆಲ್ಲ ಹೊದ್ದುಕೊಂಡು ಮಲಗಬೇಕಾಗುತ್ತೆ!"

ಬಟ್ಟೆ ಕುಸಿದು ರಾಶಿಯಾಯಿತು. ಜನ ಕನಸಿನಿಂದ ಎದ್ದವರಂತೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಟರು. ಅಧ್ಯಕ್ಷರು ಓಡಿಬಂದು ಅವನ ಎರಡೂ ಕೈ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಅದ್ಭುತ! ಬೆಂಚೂ ಬೇಡ, ಏನೂ ಬೇಡ. ಇದನ್ನೇ ಹೀಗೇ ಕಲ್ಲಲ್ಲಿ ಮಾಡ್ಬಿಡಿ."

"ಹೀಗೇ?"

"ಹೀಗೇ! ಒಂದು ಚೂರೂ ಬದಲಾಯಿಸಬೇಡಿ. ನಿಮ್ಮ ಅಕ್ಕನವರು ಒಂದು ಮಾತು ಅಂದ್ರೆ ಆಯ್ತು."

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. "ಅಳು ಬಂತೇನೋ?"

"ಧೂಳು."

"ಹೌದೇ?" ಎಂದಳು ಅಕ್ಕ. ಒಪ್ಪಿಗೆಯ ಮಾತು ಬಾಯಿಗೆ ತರದೆ, ಅಧ್ಯಕ್ಷರ ಜೊತೆ ಚೌಕದ ಆಚೆ ಬದಿಗೆ ನಡೆದಳು.

ಪೆಂಡಾಲಿನವನು ಬಿದಿರು ಕಿತ್ತು, ಗುಂಡಿ ಮುಚ್ಚಿ, ಬಟ್ಟೆ ಮಡಿಸಿಕೊಂಡು ಹೋದ. ಚೌಕ ನಿನ್ನೆಯ ಚೌಕವೇ ಆಯಿತು. ಮುಂದಿನ ರೈಲು ಬಂತು.

ಅವನು ಮೊದಲು ಅದನ್ನು ಕಣ್ಣಿನ ದೋಷವೆಂದುಕೊಂಡ. ಬಾಗಿಲಿನಿಂದ ನೇರ ಬರುತ್ತಿದ್ದ ಜನ ಚೌಕದ ನಡುವೆ ಎರಡಾಗಿ ಕವಲೊಡೆದು, ಸುತ್ತುಹಾಕಿ, ಆಚೆ ಮತ್ತೆ ಒಂದಾಗುತ್ತಿದ್ದರು. ಬೆಳಗ್ಗೆಯಿಂದ ಬಟ್ಟೆಯನ್ನು ಕಂಡಿದ್ದ ಹಮಾಲರು, ಗಾಡಿಯವರು ಸರಿದು ನಡೆದರು. ಕಾಣದವರು ಅವರ ಹಿಂದೆ ನಡೆದರು. ನಡುವೆ ಒಂದು ಕೋಣೆಯಷ್ಟು ಜಾಗ ಬರಿದಾಗಿ ಉಳಿದಿತ್ತು. ಅದರ ಅಂಚು ಎಷ್ಟು ಖಚಿತವಾಗಿತ್ತೆಂದರೆ ನೂಲು ಹಿಡಿದು ಎಳೆದಂತಿತ್ತು. ಒಂದೇ ಒಂದು ಕಾಲು ಅದರೊಳಗೆ ಬೀಳಲಿಲ್ಲ.

ಏನೂ ಇಲ್ಲದ್ದಕ್ಕೆ ಇಷ್ಟು ಬಲವಿದೆಯೇ ಎಂದು ಅವನು ಬೆರಗಾದ. ಕೈಮುಗಿಯಬೇಕೆನ್ನಿಸಿತು. ಅಕ್ಕನಿಗೆ ಇದನ್ನು ತೋರಿಸಬೇಕು. ಅಕ್ಕ, ಭಾವ ಇಲ್ಲಿದ್ದಾರೆ ನೋಡು ಎನ್ನಬೇಕು. ಅವಳು ಆಚೆ ಬದಿಯಲ್ಲಿ ಅಧ್ಯಕ್ಷರ ಪಕ್ಕ ನಿಂತಿದ್ದಳು. ಅವನು ನೇರ ನಡೆದ, ಅಂಚು ದಾಟಿದ.

ಒಳಗೆ ಸದ್ದೇ ಇರಲಿಲ್ಲ.

ಎರಡೂ ಕಡೆ ಜನ ಹರಿಯುತ್ತಿದ್ದರು. ಅವನು ಆಚೆ ಕಾಲಿಡಲು ನೋಡಿದ, ಸಂದು ಸಿಗಲಿಲ್ಲ. ಈಚೆ ತಿರುಗಿದ, ಅಲ್ಲೂ ಇಲ್ಲ. ಯಾರೂ ಅವನನ್ನು ತಡೆಯುತ್ತಿರಲಿಲ್ಲ, ಯಾರ ಮೈಯೂ ಸೋಕುತ್ತಿರಲಿಲ್ಲ.

"ಅಕ್ಕಾ!"

ಅಧ್ಯಕ್ಷರು ಅವಳ ಕಡೆ ಬಗ್ಗಿ ಏನೋ ಕೇಳಿದರು. ಅಕ್ಕ ಕತ್ತೆತ್ತಿದಳು. ಅವಳ ನೋಟ ಅವನ ತಲೆಯ ಮೇಲೆ ಮೂರಂತಸ್ತಿನಷ್ಟು ಎತ್ತರದಲ್ಲಿ ನಿಂತು, ಮೆಲ್ಲಗೆ ಇಳಿದು, ಅವನನ್ನು ಕಾಣದೆಯೇ ಹಾದು ನೆಲ ಮುಟ್ಟಿತು. ಅವಳ ತುಟಿ ಅಲುಗಿತು. ಏನೆಂದಳೋ ಅವನಿಗೆ ಕೇಳಲಿಲ್ಲ.

ಅಪ್ಪನ ಹೆಗಲೇರಿದ ಇನ್ನೊಂದು ಮಗು ಅವನತ್ತ ಬೆರಳು ಚಾಚಿತು. ಅಪ್ಪ ನಡೆಯುತ್ತಲೇ ಕೈಯೆತ್ತಿ, ಗೋರಿಯತ್ತ ಚಾಚಬಾರದೆಂಬಂತೆ ಆ ಬೆರಳನ್ನು ಮೃದುವಾಗಿ ಮಡಿಸಿ, ಸುತ್ತುಹಾಕಿ ದಾಟಿಹೋದ.