ಅರಗಿನ ಭರಣಿಯ ಚಹಾ ಸೊಪ್ಪು

ಹೊಸ ದೊರೆ ಪಟ್ಟವೇರಿದಾಗ ರಾಜಕುಮಾರರೆಲ್ಲ ರಾಜಧಾನಿ ಆವಾಕ್ಕೆ ಹೋಗಿ, ಕತ್ತಿ ಅದ್ದಿದ ನೀರು ಕುಡಿದು ನಿಷ್ಠೆಯ ಆಣೆ ಮಾಡಬೇಕು. ನನ್ನ ಗಂಡ ಮಿನ್ ಲೆತ್ಯಾ ಹೋಗಲಿಲ್ಲ. ಅವರು ದೊರೆಗೆ ಮಲತಾಯಿಯ ಕಡೆಯ ಅಣ್ಣ, ನಾಲೆ ಸೀಮೆಯ ಅಧಿಪತಿ. ಅಂಥವರು ಆಣೆ ತಪ್ಪಿಸಿದರೆ ದಂಗೆಯೆಂದೇ ಲೆಕ್ಕ. ಅರಮನೆಯಲ್ಲಿ ಕೆಂಪು ಮಖಮಲ್ಲಿನ ಚೀಲ ಹೊಲಿಸುತ್ತಿದ್ದಾರೆಂದು ಸುದ್ದಿ ಬಂತು. ರಾಜರಕ್ತ ನೆಲಕ್ಕೆ ಬೀಳಬಾರದೆಂದು ದಂಗೆಯೆದ್ದ ರಾಜಕುಮಾರರನ್ನು ಅದರಲ್ಲಿ ಕಟ್ಟಿಯೇ ನದಿಗೆ ಹಾಕುತ್ತಾರೆ.

ನನ್ನ ಗಂಡನನ್ನು ಹಿಡಿದಿಟ್ಟಿದ್ದು ನಾಲೆಯ ಒಡ್ಡು. ನಾಟಿಯ ಹೊತ್ತಿಗೆ ಅದು ಒಡೆದು, ಮೇಲ್ನಾಲೆಯವರೂ ಕೆಳನಾಲೆಯವರೂ ನೀರಿಗಾಗಿ ಕತ್ತಿ ಹಿಡಿದಿದ್ದರು. ಒಡ್ಡು ಕಟ್ಟಿಸಿ, ತೀರ್ಪು ಕೊಟ್ಟರೂ ಸಾಲದು. ಎರಡೂ ಕಡೆಯವರು ಒಂದೇ ಭರಣಿಯಿಂದ ಹುಳಿ ಬರಿಸಿ ಎಳ್ಳು ಕಲಸಿದ ಚಹಾ ಸೊಪ್ಪು ತಿನ್ನಬೇಕು. ತಿಂದ ಮೇಲೆ ಆ ವ್ಯಾಜ್ಯವನ್ನು ಯಾರೂ ಮತ್ತೆ ಎತ್ತುವಂತಿಲ್ಲ. ಅವರು ತಿನ್ನುವವರೆಗೂ ಇವರು ಕದಲಲಿಲ್ಲ.

ಆಮೇಲೆ ಹೊರಟೆವು. ಎರಡೂ ನಾಲೆಗಳ ಮುಖಂಡರು ಸಾಕ್ಷಿಗೆಂದು ದೋಣಿ ಹತ್ತಿದರು. ನಾನೇ ಕಲಸಿದ ಸೊಪ್ಪು ಮಿಕ್ಕಿದ್ದ ಅರಗಿನ ಭರಣಿಯನ್ನು ಮಡಿಲಲ್ಲಿಟ್ಟುಕೊಂಡೆ.

"ನಿನ್ ಮುಖ ನೋಡ್ಕೊಂಡು ಆವಾ ತನಕ ಬರೋದೇ ದೊಡ್ ಶಿಕ್ಷೆ ಕಣೋ," ಎಂದ ಮೇಲ್ನಾಲೆಯ ಪ್ಯು ಲೋನ್.

"ಹಾರ್ಕೋ ಹೊಳೆಗೆ. ಈ ನೀರಲ್ಲಿ ನಾನು ಪಾಲು ಕೇಳಲ್ಲ," ಎಂದ ಕೆಳನಾಲೆಯ ಸೊ ಮೌಕ್.

ಆವಾದ ರಾಜಸಭೆಯಲ್ಲಿ ಹಿರಿಯ ಮಂತ್ರಿಯೊಬ್ಬರು ದ್ರೋಹದ ಆರೋಪವನ್ನು ನಿಧಾನವಾಗಿ, ಸವಿಯುತ್ತ ಹೇಳಿದರು. ನಾನು ದೊರೆಯ ಬೆರಳುಗಳನ್ನೇ ನೋಡುತ್ತಿದ್ದೆ.

"ನನ್ ಆಣೆಗಿಂತ ಒಡ್ಡು ದೊಡ್ದಾಯ್ತಾ ಅಣ್ಣ?"

"ಒಡ್ಡು ಕಟ್ಟದೆ ಬಿಟ್ಟಿದ್ರೆ ಈ ವರ್ಷ ಆವಾಕ್ಕೆ ಅಕ್ಕಿ ಇರ್ತಿರಲಿಲ್ಲ, ಮಹಾಪ್ರಭು. ದಂಡು ಹಸ್ಕೊಂಡಿರೋವಾಗ ನನ್ ಆಣೆ ತಗೊಂಡು ಏನ್ ಮಾಡ್ತಿದ್ರಿ?"

ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದ ಮುಖಂಡರಿಬ್ಬರನ್ನು ದೊರೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಭರಣಿಯಲ್ಲಿ ಏನಿದೆ ಎಂದು ಕೇಳಿದರು. ತೆವಳುತ್ತ ಹೋಗಿ ಮುಂದಿಟ್ಟೆ.

ದೊರೆಯೊಡನೆ ಒಂದೇ ಪಾತ್ರೆಯಲ್ಲಿ ಉಣ್ಣುವವರಿಲ್ಲ. ಆದರೆ ಅವರು ಸಿಂಹಾಸನದಿಂದ ಇಳಿದು ಬಂದು, ಚಿಟಿಕೆ ಸೊಪ್ಪನ್ನು ಬಾಯಿಗೆ ಹಾಕಿಕೊಂಡು, ಭರಣಿಯನ್ನು ಅಣ್ಣನ ಕಡೆ ಸರಿಸಿದರು. ನನ್ನ ಗಂಡ ತಿಂದರು. ಇನ್ನು ಈ ವ್ಯಾಜ್ಯವನ್ನು ದೊರೆಯೂ ಎತ್ತುವಂತಿರಲಿಲ್ಲ. ಹಿರಿಯ ಮಂತ್ರಿ ನೆಲ ನೋಡಿದರು.

"ಎಳ್ಳು ಸ್ವಲ್ಪ ಜಾಸ್ತಿ ಆಯ್ತು ಅತ್ತಿಗೆ," ಎಂದರು ದೊರೆ. ಆದರೂ ಕೈ ಮತ್ತೆ ಭರಣಿಗೆ ಹೋಯಿತು.

ನನ್ನ ಗಂಡ ಆಣೆಯ ನೀರು ಕುಡಿದರು. ಅಂದೇ ಮಂತ್ರಿ ಪದವಿಯೂ ಅದರ ಗುರುತಾದ ಚಿನ್ನದ ಕೊಡೆಯೂ ಬಂದವು. ನಗಾರಿ ಬಾರಿಸುತ್ತ ನಮ್ಮನ್ನು ನದಿಯವರೆಗೆ ಕರೆತಂದರು. ಕೊಡೆ ಹಿಡಿಯುವವರು ಯಾರೆಂದು ದೋಣಿಯಲ್ಲಿ ಮುಖಂಡರಿಬ್ಬರೂ ಜಗಳಕ್ಕೆ ನಿಂತರು.

"ಸೊಪ್ಪು ಉಳ್ದಿದ್ಯೇನೇ?" ಎಂದು ಇವರು ನನ್ನನ್ನು ಕೇಳಿದರು.

ಭರಣಿ ತೆರೆದು ತೋರಿಸಿದೆ. ದೊರೆ ತಳದವರೆಗೂ ತಿಂದಿದ್ದರು.