ಪಾಯಿನೆಂ ಬುದೆಯ ಗಿರಾಕಿಗಳು

ಸ್ನಾತಕೋತ್ತರ ತರಗತಿಯ ಕೊನೆಯ ವರ್ಷ ಪ್ರತಿ ತಂಡಕ್ಕೂ ಒಂದೊಂದು ಕಂಪನಿಯನ್ನು ಗಂಟುಹಾಕುವುದು ಇಂಡೋನೇಷ್ಯಾದ ಸೆಮರಾಂಗಿನ ಆ ವಿಶ್ವವಿದ್ಯಾಲಯದ ಪದ್ಧತಿ. ಕಂಪನಿಗೆ ಬೇಕಾದ ಸಾಫ್ಟ್‌ವೇರನ್ನು ತಂಡ ಕಟ್ಟಿಕೊಡಬೇಕು, ಕಂಪನಿಯವರು ಬಂದು ನೋಡಿ ತಲೆದೂಗಬೇಕು, ಆಮೇಲೆ ಅಂಕ. ಕೆಲವರಿಗೆ ಬ್ಯಾಂಕು ಸಿಕ್ಕಿತು, ಕೆಲವರಿಗೆ ಬಂದರಿನ ಗೋದಾಮು. ವಿಗಾತಿಯ ತಂಡಕ್ಕೆ ಸಿಕ್ಕಿದ್ದು ಜಾಮು ಕಂಪನಿ. ಅರಿಶಿನ, ಹುಣಸೆ, ಕಚೋರ, ವೀಳ್ಯದೆಲೆ ಅರೆದು ಮಾಡುವ ಜಾಮು ಎಂಬ ನಾಟಿ ಔಷಧಿಯ ಪಾನಕವನ್ನು ಬಾಟಲಿಗೆ ತುಂಬಿ ಅಂಗಡಿಗಳಿಗೆ ಮಾರುವವರು.

ಕಂಪನಿಯ ಮ್ಯಾನೇಜರ್ ಗುನಾದಿ ಮೊದಲ ದಿನವೇ ಎಲ್ಲರ ಮನಸ್ಸು ಗೆದ್ದುಬಿಟ್ಟ. "ಬುಟ್ಟಿ ಬೆನ್ನಿಗೆ ಕಟ್ಕೊಂಡು ಗಲ್ಲಿ ಗಲ್ಲಿ ತಿರುಗ್ತಾರಲ್ಲ ನಮ್ಮ ಜಾಮು ಅಕ್ಕಂದಿರು, ಅವರಿಗೊಂದು ಆ್ಯಪ್ ಮಾಡ್ಕೊಡಿ. ಗಿರಾಕಿ ಮನೇಲೇ ಕೂತು ಅವರನ್ನ ಕರೀಬೇಕು. ನಾವು ಇವತ್ತು ಏನಾಗಿದೀವೋ ಅದು ಆ ಹೆಣ್ಮಕ್ಕಳಿಂದ" ಎಂದ. ವಿಗಾತಿ ಆ ಮಾತನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಂಡಳು. ಅವಳು ಬಾಡಿಗೆಗಿದ್ದ ಕೋಣೆಯ ಗೋಡೆಯಾಚೆಯೇ ಅಂಥ ಹೆಂಗಸರ ಮನೆ. ಸುಕೊಹಾರ್ಜೊ ಕಡೆಯ ಒಂದೇ ಹಳ್ಳಿಯವರು ಒಂದೇ ಬಾಡಿಗೆಮನೆಯಲ್ಲಿದ್ದರು. ಬೆಳಗಿನ ಜಾವದ ಅವರ ಒರಳಿನ ಸದ್ದಿಗೇ ಅವಳಿಗೆ ಎಚ್ಚರವಾಗುತ್ತಿತ್ತು.

ತಂಡದಲ್ಲಿ ಮೂವರು. ಬೇರೆ ದ್ವೀಪದ ಮನಾಡೊದಿಂದ ಬಂದ ಯೊಹಾನಾಳದು ಮಾತು ಕಡಿಮೆ, ಕೋಡ್ ಬರೆಯಲು ಕೂತರೆ ಊಟ ನೆನಪಿಲ್ಲ. ಜಕಾರ್ತದ ಸೇತೊ ತಂಡದ ನಾಯಕ. ಹಿಂದಿನ ವರ್ಷ ವಿಗಾತಿ ಎರಡು ವಿಷಯಗಳಲ್ಲಿ ನಪಾಸಾಗಿ ಊರಿಗೆ ಹೊರಟು ನಿಂತಾಗ, ಅವಳ ಚೀಲ ಕಿತ್ತುಕೊಂಡು ವಾಪಸು ಕೂರಿಸಿ ಪಾಠ ಹೇಳಿಕೊಟ್ಟವನು ಅವನೇ. ಅವನ ಮಾತೆಂದರೆ ಅವಳಿಗೆ ಕಲ್ಲಿನ ಮೇಲೆ ಬರೆದ ಹಾಗೆ.

"ಆ ಹೆಂಗಸರ ಜಾವಾ ಮಾತು ನನಗೆ ಅರ್ಥ ಆಗಲ್ಲ, ಯೊಹಾನಾಗಂತೂ ದೇವರೇ ಗತಿ" ಎಂದ ಸೇತೊ. "ನೀನು ಅದೇ ಸೀಮೆಯವಳು. ನಿನ್ನ ಬಾಯೇ ನಮ್ಮ ಬಂಡವಾಳ ಕಣೇ."

"ಇಷ್ಟು ದಿನ ಬಾಯಿ ಮುಚ್ಚು ಅಂತಿದ್ದೆ?"

"ಈಗ ಅದಕ್ಕೂ ಅಂಕ ಇದೆ, ತೆಗಿ!"

ಹೀಗೆ ವಿಗಾತಿ ಪಾಯಿನೆಂ ಬುದೆಯ ಹಿಂದೆ ಗಲ್ಲಿ ಸುತ್ತತೊಡಗಿದಳು. ಬುದೆ ಎಂದರೆ ದೊಡ್ಡಮ್ಮ. ಪಕ್ಕದ ಜಾಮು ಹೆಂಗಸರ ಮನೆಯಲ್ಲಿ ಅವಳೇ ಹಿರಿಯಳು. ಕುಳ್ಳಗಿನ ಗಟ್ಟಿ ಹೆಂಗಸು. ನಗುವಾಗ ಬೆನ್ನ ಮೇಲಿನ ಬಾಟಲಿಗಳೂ ಗಲಗಲ ಎನ್ನುತ್ತಿದ್ದವು. ಜೊತೆಗೆ ನಡೆಯಲು ಅಡ್ಡಿ ಹೇಳಲಿಲ್ಲ. ಗಿರಾಕಿಗಳ ವಿಷಯ ಕೇಳಿದಾಗ ಮಾತ್ರ ಮುಖ ಬಿಗಿಯಾಯಿತು.

"ಅದು ನನ್ ಹೊಟ್ಟೆಪಾಡು ಕಣ್ ಮಗಾ. ನನ್ ಒಡಹುಟ್ದೋಳ್ಗೂ ಹೇಳಿಲ್ಲ."

"ನಿಮ್ಮ ಹೆಸರಿನ ಕೆಳಗೇ ಇರುತ್ತೆ ಬುದೆ. ನಿಮ್ಮ ಗಿರಾಕಿ ನಿಮ್ಮನ್ನ ಮಾತ್ರ ಕರೀತಾರೆ. ಬೇರೆಯವರ ಕಣ್ಣಿಗೆ ಬೀಳಲ್ಲ."

"ಆಣೆ ಮಾಡ್ತೀಯಾ?"

ವಿಗಾತಿ ಆಣೆ ಮಾಡಿದಳು. ನಂಬಿಯೇ ಮಾಡಿದಳು.

ಆಮೇಲೆ ಬುದೆ ಮುಚ್ಚಿಡಲಿಲ್ಲ. ನಿವೃತ್ತ ಶಿಕ್ಷಕಿಗೆ ಮಂಡಿನೋವು, ಸಕ್ಕರೆ ಹಾಕಬಾರದು, ಸೊಸೆ ಕೆಲಸಕ್ಕೆ ಹೊರಟ ಮೇಲೇ ಹೋಗಬೇಕು. ಮೀನುಪೇಟೆಯ ಯಜಮಾನನಿಗೆ ಕಹಿಯದ್ದು, ಕುಡಿದ ತಕ್ಷಣ ಬಾಯಿಗೆ ಬೆಲ್ಲ. ದರ್ಜಿಯ ಹೆಂಡತಿ ನೂರ್ಯಾತಿಗೆ ಎರಡು ಸಲ ಬಸಿರು ನಿಂತಿರಲಿಲ್ಲ, ಅತ್ತೆಗೆ ಅದು ಗೊತ್ತಿರಲಿಲ್ಲ. ಅವಳಿಗೆ ಕೊಡುವ ಜಾಮುವಿನ ಹೆಸರನ್ನು ಬುದೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅರಿಶಿನದ ನೀರೆಂದು ಅತ್ತೆಯ ಎದುರಿಗೇ ಲೋಟಕ್ಕೆ ಬಗ್ಗಿಸುತ್ತಿದ್ದಳು, ನೂರ್ಯಾತಿ ಕಣ್ಣಲ್ಲೇ ಕೈಮುಗಿಯುತ್ತಿದ್ದಳು. ಬುದೆ ಹೇಳಿದಳೆಂದು ಅವಳ ಮನೆಯ ಉಳಿದ ಹೆಂಗಸರೂ ತಂತಮ್ಮ ಗಲ್ಲಿಗಳನ್ನು ವಿಗಾತಿಯ ಮುಂದೆ ಬಿಚ್ಚಿಟ್ಟರು.

ಅರ್ಧ ಕೆಲಸ ಮುಗಿದಾಗ ಗುನಾದಿ ಸೇತೊನನ್ನು ಆಫೀಸಿಗೆ ಕರೆಸಿಕೊಂಡಿದ್ದ; ಮಾರನೆಯ ಮಧ್ಯಾಹ್ನ ವಿಗಾತಿ ಇಷ್ಟು ಸಾಕೆಂದಾಗ ಸೇತೊ ಬಿಡಲಿಲ್ಲ. "ಯಾವ ಮನೇಲಿ ಯಾವ ಕಾಯಿಲೆಗೆ ಯಾವ ಜಾಮು, ಅದೂ ಬೇಕು. ನಿಮ್ಮ ಬುದೆಗೇ ಅನುಕೂಲ ಅಲ್ವಾ? ಮರೆತ್ರೂ ಆ್ಯಪೇ ನೆನಪಿಸುತ್ತೆ" ಎಂದ. ಅವಳು ಮತ್ತೆ ಹೋಗಿ ಕೇಳಿದಳು.

ಆ್ಯಪ್ ಚೆನ್ನಾಗಿಯೇ ಬಂತು. ಪ್ರಯೋಗಕ್ಕೆ ಬಿಟ್ಟ ಮೊದಲ ವಾರ ಹೆಂಗಸರ ಫೋನುಗಳು ಟಣ್ ಟಣ್ ಎಂದಾಗಲೆಲ್ಲ ಮನೆಯೇ ನಗುತ್ತಿತ್ತು. "ನೋಡ್ರೇ, ಮೀನುಪೇಟೆ ಯಜಮಾನ ನನ್ನ ಫೋನಲ್ಲಿ ಕರೀತಾನೆ, ಈ ವಯಸ್ಸಿಗೆ ನಂಗ್ಯಾಕೆ ಬೇಕಿತ್ತು!" ಎಂದು ಬುದೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸದ್ದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಕಂಪನಿಯವರು ಏನೋ ದುರಸ್ತಿ ಮಾಡುತ್ತಿರಬೇಕು ಎಂದುಕೊಂಡಳು ವಿಗಾತಿ. ಡೆಮೊ ಹತ್ತಿರ ಬಂದಿತ್ತು, ಅವಳಿಗೂ ಪುರುಸೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಾಯಿನೆಂ ಬುದೆ ಅವಳ ಬಾಗಿಲಿಗೆ ಬಂದಳು. ಬೆನ್ನ ಮೇಲಿನ ಬುಟ್ಟಿಯಲ್ಲಿ ಬಾಟಲಿಗಳು ತುಂಬಿದ್ದ ಹಾಗೇ ಇದ್ದವು. ಒಳಗೆ ಬಾ ಎಂದರೂ ಬರಲಿಲ್ಲ.

"ಹಸಿರು ಜಾಕೆಟ್ ಹಾಕ್ಕೊಂಡು ಬೈಕಲ್ಲಿ ಬರ್ತಾರಲ್ಲ, ಅವ್ರು ಯಾರು ಮಗಾ?"

"ಯಾರು ಬುದೆ?"

"ಟೀಚರಮ್ಮಂಗೆ ಸಕ್ರೆ ಇಲ್ದಿರೋ ಕಂಪನಿ ಬಾಟ್ಲಿ ತಂದ್ಕೊಟ್ರಂತೆ. ಸೊಸೆ ಹೋದ ಮ್ಯಾಲೇ ಬಂದ್ರಂತೆ. ಯಜಮಾನಂಗೆ ಕಹಿದರ ಜತೆ ಬೆಲ್ಲ. ನನಗಿಂತ ಅಗ್ಗ, ಮನೆ ಬಾಗ್ಲಿಗೇ." ಬುದೆಯ ದನಿ ಏರಲಿಲ್ಲ. "ಹೋಗ್ಲಿ, ಯಾಪಾರ. ನೂರ್ಯಾತಿ ಮನೇಗೂ ಹೋಗವ್ರೆ. ಬಾಟ್ಲಿ ಮ್ಯಾಲೆ 'ಬಸಿರು ನಿಲ್ಲಲು' ಅಂತ ಅಚ್ಚು ಹಾಕಿತ್ತು. ಇಸ್ಕೊಂಡಿದ್ದು ಅವಳತ್ತೆ. ನೆನ್ನೆ ನೂರ್ಯಾತಿನೇ ಬಾಗ್ಲು ತೆಗ್ದು, ಊರಿಗೆಲ್ಲ ಸಾರ್ಕೊಂಡ್ ಬಂದ್ರಾ ಬುದೆ ಅಂತ ಕೇಳಿ, ಮುಖಕ್ಕೇ ಮುಚ್ಚುದ್ಲು."

ವಿಗಾತಿ ಬುಟ್ಟಿ ಇಳಿಸಿಕೊಳ್ಳಲು ಕೈ ಚಾಚಿದಳು, ಬುದೆ ಒಂದು ಹೆಜ್ಜೆ ಹಿಂದೆ ಸರಿದಳು.

"ನಾನು ಹೇಳಿದ್ದು ನಿಂಗೊಬ್ಬಳಿಗೇ" ಎಂದಳು ಬುದೆ. ತಿರುಗಿ ಗಲ್ಲಿಗೆ ಇಳಿದಳು.

ಸೇತೊ ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಐಸ್ ಹಾಕಿದ ಚಹಾ ಕುಡಿಯುತ್ತಾ ಡೆಮೊಗೆ ತಯಾರಿ ನಡೆಸಿದ್ದ. ಪಕ್ಕದಲ್ಲಿ ಯೊಹಾನಾ ಇದ್ದಳು. ವಿಗಾತಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಗುನಾದಿಗೆ ಈಗಲೇ ಫೋನು ಮಾಡು, ಇದೇನೋ ಭಾರೀ ತಪ್ಪಾಗಿದೆ ಎಂದಳು. ಸೇತೊ ಲೋಟದೊಳಗಿನ ಐಸನ್ನು ತಿರುಗಿಸುತ್ತಾ ಕೂತ.

"ತಪ್ಪೇನೂ ಆಗಿಲ್ಲ ವಿಗಾ. ಅವರ ಯೋಜನೆನೇ ಅದು."

"ನಿನಗೆ ಯಾರು ಹೇಳಿದ್ರು?"

"ಗುನಾದಿ ಅವರೇ. ಅರ್ಧ ಕೆಲಸ ಮುಗಿದಾಗ ಆಫೀಸಿಗೆ ಕರೆಸಿದ್ರಲ್ಲ, ಅವತ್ತು."

"ಅವತ್ತಿನಿಂದ ಗೊತ್ತಾ?"

"ಕೆಲಸ ಕೊಡ್ತೀವಿ ಅಂದ್ರು ಕಣೇ. ನಮ್ಮಪ್ಪನ ಅಂಗಡಿ ಮುಚ್ಚಿದೆ, ನಿಂಗೆ ಗೊತ್ತು." ಅವನು ತಲೆಯೆತ್ತಲಿಲ್ಲ. "ನಿನಗೆ ಹೇಳಿದ್ರೆ ನೀನು ಕೇಳೋದನ್ನ ನಿಲ್ಲಿಸ್ತಿದ್ದೆ."

ಅವಳಿಗೆ ಆ ಮಧ್ಯಾಹ್ನ ನೆನಪಾಯಿತು. ನಿಮ್ಮ ಬುದೆಗೇ ಅನುಕೂಲ ಎಂದು ಭುಜ ತಟ್ಟಿ ಕಳಿಸಿದ್ದ. ಎಲ್ಲ ಗೊತ್ತಿದ್ದೇ ಕಳಿಸಿದ್ದ. ಕಂಪನಿಯವನ ನಯವಂಚನೆಯನ್ನಾದರೂ ಹೇಗೋ ನುಂಗಬಹುದಿತ್ತು. ಇದನ್ನಲ್ಲ. ಅಂದು ಅವನು ತನ್ನನ್ನು ಊರಿಗೆ ಹೋಗಲು ಬಿಟ್ಟಿದ್ದರೇ ಚೆನ್ನಾಗಿತ್ತು ಎನಿಸಿತು.

"ಹೆಸರುಗಳನ್ನ ಅಳಿಸಿಹಾಕು" ಎಂದು ಯೊಹಾನಾಳ ಕಡೆ ತಿರುಗಿದಳು.

"ಎಲ್ಲ ಅವರ ಸರ್ವರಲ್ಲಿದೆ. ನಮಗೀಗ ಒಳಗೆ ಹೋಗೋಕೂ ಆಗಲ್ಲ" ಎಂದಳು ಯೊಹಾನಾ ಮೆಲ್ಲಗೆ.

ಪ್ರಾಜೆಕ್ಟಿನ ಹೊಣೆ ಹೊತ್ತ ವಿರಾತ್ನೊ ಮೇಷ್ಟ್ರು ಅವಳನ್ನು ಕೂರಿಸಿ, ಪೂರ್ತಿ ಕೇಳಿಸಿಕೊಂಡು, ನಿಟ್ಟುಸಿರುಬಿಟ್ಟರು. "ಬೇಜಾರಿನ ಸಂಗತಿನೇಮ್ಮ. ಆದರೆ ಮಾಡಿದ್ದೆಲ್ಲ ಕಂಪನಿಗೆ ಸೇರುತ್ತೆ ಅಂತ ನೀವೇ ಒಪ್ಪಿಕೊಂಡಿದ್ದೀರಿ. ಮುಂದಿನ ವರ್ಷದ ಹುಡುಗರಿಗೂ ಅವರು ಬೇಕು. ಡೆಮೊ ಚೆನ್ನಾಗಿ ಮಾಡು, ಹೋಗು."

ಡೆಮೊ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಾತಿಕ್ ಅಂಗಿ ತೊಟ್ಟ ಗುನಾದಿ. ಸೇತೊ ಸೊಗಸಾಗಿ ಮಾತಾಡಿದ. ಜಾಮು ಮಾರುವವರಿಗೆ ಆದ ಉಪಕಾರ ಹೇಳುವ ಸರದಿ ವಿಗಾತಿಯದು. ಅವಳು ಮೈಕಿನ ಮುಂದೆ ನಿಂತು, ಸೇತೊ ಬರೆದುಕೊಟ್ಟದ್ದನ್ನು ಬಿಟ್ಟು, ನಡೆದದ್ದನ್ನು ಹೇಳಿದಳು. ಯಾರ ಗಿರಾಕಿಗಳನ್ನು ಯಾರು ಕಿತ್ತುಕೊಂಡರು, ಯಾರ ಮಾತಿನಿಂದ ಕಿತ್ತುಕೊಂಡರು. "ಆ ಮಾತು ನನ್ನದು" ಎಂದಳು. ನೂರ್ಯಾತಿಯ ಹೆಸರು ಮಾತ್ರ ಎತ್ತಲಿಲ್ಲ.

ಗುನಾದಿ ಎದ್ದು ನಿಂತ. ಮುಖದಲ್ಲಿ ಅದೇ ನಗು. "ಯುವಜನರ ಇಂಥ ಕಾಳಜಿ ನಮಗೆ ಬೇಕು. ಆ ಅಕ್ಕಂದಿರಿಗೆ ನಮ್ಮ ಬಾಟಲಿ ಮಾರೋ ಅವಕಾಶವನ್ನೂ ಕೊಡ್ತೀವಿ" ಎಂದ. ಯಾರೋ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಹಬ್ಬಿತು. ಮೇಷ್ಟ್ರು ಮುಂದಿನ ತಂಡವನ್ನು ಕರೆದರು.

ತಂಡಕ್ಕೆ ಒಳ್ಳೆಯ ಅಂಕವೇ ಬಂತು. ವಿಗಾತಿಗೆ, ತಂಡದೊಡನೆ ಹೊಂದಿಕೊಳ್ಳಲಿಲ್ಲವೆಂದು, ಕಡಿತವಾಯಿತು. "ನೀನು ಹೇಳಿದ್ದೆಲ್ಲ ಸರಿ. ನಂಗೆ ಪಾಸಾಗ್ಬೇಕಿತ್ತು ಕಣೇ, ಅದಕ್ಕೇ ಸುಮ್ಮನಿದ್ದೆ" ಎಂದು ಯೊಹಾನಾ ಮೆಟ್ಟಿಲ ಮೇಲೆ ಅತ್ತಳು. ಸೇತೊ ಕಂಪನಿ ಸೇರಿದ. ಹೋಗುವ ಮುಂಚೆ ಒಮ್ಮೆ ಅವಳ ಬಾಗಿಲು ತಟ್ಟಿ, ತೆಗೆಯದಿದ್ದಾಗ, ಮೆಲ್ಲಗೆ ಕೆಮ್ಮಿ ಹೊರಟುಹೋದ. ಒಳಗೆ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಅವನ ಕಡೆಗಿದ್ದ ಸಿಟ್ಟಿಗಿಂತ, ಅವನ ಕೆಮ್ಮನ್ನು ಇಂದಿಗೂ ಗುರುತಿಸುವ ತನ್ನ ಕಿವಿಯ ಮೇಲೆ ಅವಳಿಗೆ ಹೆಚ್ಚು ಸಿಟ್ಟು ಬಂತು.

ಎಷ್ಟೋ ದಿನ ಧೈರ್ಯ ಸಾಲದೆ, ಕೊನೆಗೊಂದು ಮಧ್ಯಾಹ್ನ ಅವಳು ಪಕ್ಕದ ಮನೆಗೆ ಹೋದಳು. ಹೆಂಗಸರು ಅಂಗಳದಲ್ಲಿ ಅರಿಶಿನ ಹೆರೆಯುತ್ತಿದ್ದರು. ಕಂಪನಿಯ ಬಾಟಲಿ ಮಾರಲು ಯಾರೂ ಒಪ್ಪಿರಲಿಲ್ಲ. ಒಬ್ಬಳು ಅವಳಿಗೆ ಮಣೆ ಹಾಕಿದಳು, ಇನ್ನೊಬ್ಬಳು ಲೋಟದಲ್ಲಿ ಜಾಮು ಕೊಟ್ಟಳು. ಕುಡಿ, ಬಿಸಿಲಿದೆ ಎಂದರು. ಯಾರೂ ಬೈಯಲಿಲ್ಲ.

"ಬುದೆ ಎಲ್ಲಿ? ಈಗ ಯಾವ ಕಡೆ ಹೋಗ್ತಾರೆ?" ಎಂದು ಕೇಳಿದಳು.

ಹೆರೆಯುತ್ತಿದ್ದ ಕೈಗಳು ನಿಂತವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಲ್ಲೋ ಆ ಕಡೆಗೆ" ಎಂದಳು ಮಣೆ ಹಾಕಿದವಳು, ಯಾವ ಕಡೆಗೂ ಕೈ ತೋರಿಸದೆ.